ಅರವತ್ತು ಮನೆ, ಒಂದು ಬಾಗಿಲು

ಪರಸಿಪುರದಲ್ಲಿ ತಂಪು ಕೊಳವೆಯಲ್ಲಿ ಬರುತ್ತದೆ, ನೀರು ಬಂದ ಹಾಗೆ. ನೀರು ಬಂದ ಹಾಗೆ ಎಂದರೆ, ಕೆಲವರಿಗೆ ಬರುತ್ತದೆ.

ಮೇ ತಿಂಗಳ ಬಿಸಿಲು ಐವತ್ತೊಂದು ಡಿಗ್ರಿ ಮುಟ್ಟಿದ ಮೂರನೆಯ ವರ್ಷ ಊರ ಹೊರಗೆ ತಂಪಿನ ಸ್ಥಾವರ ಎದ್ದಿತು. ಮನೆಮನೆಗೆ ಬೇರೆ ಬೇರೆ ಯಂತ್ರ ಓಡಿಸುವಷ್ಟು ಕರೆಂಟು ಆಗ ಎಲ್ಲೂ ಉಳಿದಿರಲಿಲ್ಲ. ಹಾಗಾಗಿ ಒಂದೇ ದೊಡ್ಡ ಯಂತ್ರ, ಒಂದೇ ದೊಡ್ಡ ಕೊಳವೆ, ಅದರೊಳಗೆ ಮೈ ಕೊರೆಯುವಷ್ಟು ತಣ್ಣಗಿನ ನೀರು. ಒಂದು ಹೊತ್ತಿಗೆ ಒಂದೇ ಕಡೆ ಹರಿದರೆ ಮಾತ್ರ ಆ ತಣುಪು ಉಳಿಯುತ್ತದೆ. ಎಲ್ಲ ಕಡೆ ಒಟ್ಟಿಗೆ ಬಿಟ್ಟರೆ ದಾರಿಯಲ್ಲೇ ಬೆಚ್ಚಗಾಗಿ ಯಾರಿಗೂ ದಕ್ಕುವುದಿಲ್ಲ. ಯಾರಿಗೆ ಯಾವಾಗ ಎಂದು ಹೇಳಲು ಒಬ್ಬರು ಬೇಕು. ಮನುಷ್ಯರನ್ನು ಕೂರಿಸಿದರೆ ತಮ್ಮವರಿಗೆ ಮೊದಲು ಬಿಡುತ್ತಾರೆ. ಅದಕ್ಕೇ ಚಿಪ್ ತಂದರು.

ಹೆಬ್ಬೆರಳ ಉಗುರಿಗಿಂತ ಚಿಕ್ಕ ಚಿಪ್. ಅದಕ್ಕೆ ಹದಿನಾರು ತಂತಿ ಬಂದು ಸೇರುತ್ತವೆ. ಒಂದೊಂದು ತಂತಿಯನ್ನೂ ಸ್ಥಾವರದವರು ಬಾಗಿಲು ಎನ್ನುತ್ತಾರೆ. ಬಾಗಿಲ ಹಿಂದಿನ ಕೋಣೆ ಕಾದರೆ ಗೋಡೆಯ ಮೇಲಿನ ತಾಪಮಾಪಕ ಆ ತಂತಿಗೆ ಸಣ್ಣದೊಂದು ವಿದ್ಯುತ್ತು ಕಳಿಸುತ್ತದೆ. ಅದಕ್ಕೆ ಕೈ ಎತ್ತುವುದು ಎಂದು ಹೆಸರು. ಕೈ ಎತ್ತಿದ ಒಂದು ಬಾಗಿಲಿಗೆ ಚಿಪ್ ನಾಲ್ಕು ನಿಮಿಷ ಕೊಳವೆ ತೆರೆಯುತ್ತದೆ. ಆಮೇಲೆ ಆ ಬಾಗಿಲನ್ನು ಸಾಲಿನ ಕೊನೆಗೆ ಕಳಿಸಿ ಮುಂದಿನದಕ್ಕೆ ಹೋಗುತ್ತದೆ. ಕೈ ಎತ್ತದವರನ್ನು ದಾಟಿಬಿಡುತ್ತದೆ. ಹದಿನಾರು ಬಾಗಿಲಿಗೆ ಒಂದು ಸುತ್ತು, ಅರವತ್ನಾಲ್ಕು ನಿಮಿಷ. ಇಷ್ಟೇ ಅದರ ವಿದ್ಯೆ. ಲಂಚ ಇಸಿದುಕೊಳ್ಳಲು ಅದಕ್ಕೆ ಕೈಯಿಲ್ಲ, ಶಿಫಾರಸು ಕೇಳಿಸಿಕೊಳ್ಳಲು ಕಿವಿಯಿಲ್ಲ. ತಂತ್ರಾಂಶದಲ್ಲಿ ಬರೆದರೆ ಯಾರಾದರೂ ತಿದ್ದಿಯಾರು ಎಂದು ಆ ನಿಯಮವನ್ನು ಸಿಲಿಕಾನಿನಲ್ಲೇ ಕೆತ್ತಿದ್ದರು, ಕಲ್ಲಿನ ಮೇಲೆ ಶಾಸನ ಕೆತ್ತಿದ ಹಾಗೆ.

ಕಂಪನಿ ಅದಕ್ಕೆ ‘ಪಾಳಿಗಾರ’ ಎಂದು ಹೆಸರಿಟ್ಟಿತು, ಪಾಳಿ ನೋಡಿಕೊಳ್ಳುವವನು ಎಂಬ ಅರ್ಥದಲ್ಲಿ. ಹಳೆಯ ಕಲ್ಲುಗಣಿಯ ಕೂಲಿಗಳ ಖಣಿ ಓಣಿಯ ಬಾಯಲ್ಲಿ ಅದು ಒಂದೇ ತಿಂಗಳಿಗೆ ‘ಪಾಳೆಗಾರ’ ಆಯಿತು.

ಆ ಚಿಪ್ಪಿನ ನ್ಯಾಯವನ್ನು ಪರೀಕ್ಷಿಸಿ ರುಜು ಹಾಕಿದವಳು ಸಂಘಮಿತ್ರಾ. ಮೂವತ್ತಾರು ವರ್ಷದ ಎಂಜಿನಿಯರ್, ಸ್ಥಾವರದ ಪರೀಕ್ಷಾ ವಿಭಾಗದ ಮುಖ್ಯಸ್ಥೆ, ಖಣಿ ಓಣಿಯ ಮಗಳು. ಹತ್ತು ಕೋಟಿ ಸಲ ಪಾಳಿ ತಿರುಗಿಸಿ ನೋಡಿದ್ದಳು. ಒಂದು ಸಲವೂ ಯಾವ ಬಾಗಿಲೂ ತಪ್ಪಿರಲಿಲ್ಲ. ಅವಳು ಬರೆದ ಪ್ರಮಾಣಪತ್ರದ ಎರಡು ಸಾಲನ್ನು ಕಂಪನಿ ದೊಡ್ಡ ಅಕ್ಷರದಲ್ಲಿ ಬರೆಸಿ ಬಸ್ ನಿಲ್ದಾಣದ ಎದುರು ಬೋರ್ಡು ನಿಲ್ಲಿಸಿತ್ತು: ‘ಕೈ ಎತ್ತಿದ ಯಾವ ಬಾಗಿಲನ್ನೂ ಪಾಳಿಗಾರ ದಾಟಿ ಹೋಗುವುದಿಲ್ಲ. ಎಲ್ಲ ಬಾಗಿಲೂ ಸಮಾನ.’

ಮಾರ್ಚಿನಲ್ಲಿ ಕೊಳವೆ ತೆರೆದಾಗಿನಿಂದ ಸಂಘಮಿತ್ರಾ ಸ್ಥಾವರದ ವಸತಿಯಲ್ಲೇ ಇದ್ದಳು. ಯಂತ್ರಗಳು ತಣ್ಣಗಿರಬೇಕಾದ್ದರಿಂದ ಆ ಕಟ್ಟಡ ಸದಾ ತಣ್ಣಗಿರುತ್ತಿತ್ತು. ನೌಕರರಲ್ಲದ ಯಾರನ್ನೂ ಅದರೊಳಗೆ ಬಿಡುತ್ತಿರಲಿಲ್ಲ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಚೊಚ್ಚಲ ಹೆರಿಗೆಗೆಂದು ತಂಗಿ ರಮಾಬಾಯಿ ತವರಿಗೆ ಬಂದಿದ್ದಾಳೆಂದು, ಅವಳು ಎರಡು ತಿಂಗಳಲ್ಲಿ ಮೊದಲ ಸಲ ಅವ್ವನ ಮನೆಗೆ ಹೊರಟಳು.

*

ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ ಮುಚ್ಚಿ ಹನ್ನೆರಡು ವರ್ಷವಾದರೂ ಓಣಿಯ ಹೆಸರು ಖಣಿ ಓಣಿಯೇ. ಅರವತ್ತು ಮನೆ, ಎಲ್ಲದಕ್ಕೂ ತಗಡಿನ ಮೇಲ್ಛಾವಣಿ. ಸಂಘಮಿತ್ರಾ ಓಣಿಯ ಬಾಯಿಗೆ ಬಂದಾಗ ಅಲ್ಲಿ ಎಲ್ಲರೂ ಓಡುತ್ತಿದ್ದರು. ಬಗಲಲ್ಲಿ ಕೂಸು, ತಲೆಯ ಮೇಲೆ ಒದ್ದೆ ಟವೆಲು. ಆ ಗುಂಪಿನ ಹಿಂದೆ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ರಮಾಬಾಯಿ ಕಾಲೆಳೆಯುತ್ತಿದ್ದಳು. ಅವಳ ತೋಳು ಹಿಡಿದವಳು ಹುಸೇನಬಿ, ಎಪ್ಪತ್ತು ದಾಟಿದ ಸೂಲಗಿತ್ತಿ. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು.

“ಎಲ್ಲಿಗಿ ಹೊಂಟೀರಿ ಈ ಬಿಸಲಾಗ?”

“ಶಂಕ್ರಪ್ಪನ ಮನಿ ದೀಪ ಹತ್ಯದ ಅಕ್ಕ,” ಅಂದಳು ರಮಾಬಾಯಿ, ಉಸಿರು ಹಿಡಿಯುತ್ತ. “ತಂಪು ನಮ್ಮನಿಗಿ ಬರಂಗಿಲ್ಲ. ನಾವೇ ತಂಪು ಇದ್ದಲ್ಲಿಗಿ ಹೋಗ್ತೀವಿ.”

ಶಂಕ್ರಪ್ಪನ ಮನೆಯ ಒಂದೇ ಕೋಣೆಯಲ್ಲಿ ಐವತ್ತು ಜನ. ಗೋಡೆಯ ಕೊಳವೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಕೂಸುಗಳನ್ನು ಕೊಳವೆಯ ಹತ್ತಿರ ಎತ್ತಿ ಹಿಡಿದಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಮಾತಾಡಿದರೆ ನಾಲ್ಕು ನಿಮಿಷದಲ್ಲಿ ಕಡಿಮೆಯಾದೀತು ಎಂಬ ಹಾಗೆ.

“ಉಸರು ಒಳಗ ಎಳಕೋರಿ, ಹೊರಗ ಬಿಡಬ್ಯಾಡ್ರಿ. ಖೋಲಿ ಬಿಸಿ ಆಗ್ತದ,” ಅಂದಳು ಹುಸೇನಬಿ. ಕೆಲವರು ನಕ್ಕರು. ನಗುವಷ್ಟರಲ್ಲಿ ದೀಪ ಆರಿತು. ತಗಡು ಮತ್ತೆ ಕಾಯತೊಡಗಿತು.

ಲೆಕ್ಕ ಓಣಿಗೆ ಬಾಯಿಪಾಠವಾಗಿತ್ತು. ಅರವತ್ನಾಲ್ಕು ನಿಮಿಷಕ್ಕೊಮ್ಮೆ ಓಣಿಗೆ ಒಂದು ಪಾಳಿ. ಓಣಿಯ ಮೂಲೆಯಲ್ಲಿ ಕೊಳವೆ ಕವಲೊಡೆಯುವ ಡಬ್ಬಿ ಆ ಪಾಳಿಯನ್ನು ಒಂದೊಂದು ಸಲ ಒಂದೊಂದು ಮನೆಗೆ ಕೊಡುತ್ತದೆ. ಒಂದು ಮನೆಗೆ ಮತ್ತೆ ಪಾಳಿ ಬರಲು ಅರವತ್ನಾಲ್ಕು ತಾಸು. ಸೋಮವಾರ ಬೆಳಿಗ್ಗೆ ಆರಕ್ಕೆ ಹತ್ತಿದ ದೀಪ ಮತ್ತೆ ಹತ್ತುವುದು ಬುಧವಾರ ರಾತ್ರಿ ಹತ್ತಕ್ಕೆ. ಹಾಗಾಗಿ ಹಗಲೆಲ್ಲ ಓಣಿ ದೀಪದ ಬೆನ್ನು ಹತ್ತಿ ಮನೆಯಿಂದ ಮನೆಗೆ ಓಡುತ್ತಿತ್ತು.

ತುಂಬು ಬಸುರಿ ಎಷ್ಟು ಓಡಿಯಾಳು? ರಮಾಬಾಯಿ ಆ ವಾರದಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಳು. ದವಾಖಾನೆಯ ವಾರ್ಡುಗಳಲ್ಲಿ ಬಿಸಿಲು ಬಡಿದವರು ನೆಲದ ಮೇಲೂ ಮಲಗಿದ್ದರು. ಡಾಕ್ಟರಮ್ಮ ನಾಡಿ ಹಿಡಿದು ನೋಡಿ, ಇಲ್ಲಿ ಮಲಗಿಸಲು ಜಾಗವಿಲ್ಲ, ಹೆರಿಗೆಯಾಗುವ ತನಕ ಮೂವತ್ತು ಡಿಗ್ರಿ ದಾಟದ ಕೋಣೆಯಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಸಲ ಬಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುವುದೂ ಕಷ್ಟ ಎಂದು ಹೇಳಿ ಕಳಿಸಿದ್ದಳು.

“ನನ್ನ ಕಾಲದಾಗ ಬಾಣಂತಿ ಮಂಚದ ಕೆಳಗ ಕೆಂಡ ಇಡ್ತಿದ್ವಿ, ತಂಪು ತಾಕಬಾರದಂತ,” ಅಂದಳು ಹುಸೇನಬಿ. “ಈಗ ಊರಿಗೂರೇ ಕೆಂಡ ಆಗ್ಯದ. ಮಂಚ ಎಲ್ಲಿ ಹಾಕಲಿ?”

“ಖಾಲಾ, ಚಿಪ್‌ನಾಗ ತಪ್ಪಿಲ್ಲ,” ಅಂದಳು ಸಂಘಮಿತ್ರಾ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. “ನಾನೇ ನೋಡೀನಿ.”

ಬಾಗಿಲಲ್ಲಿ ನಿಂತಿದ್ದ ಅವ್ವ ಭಾಗಮ್ಮ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಖಣಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಒಡೆದ ಹೆಂಗಸು. ಈಗ ಹಸಿರು ಬಡಾವಣೆಯ ಬಂಗಲೆಯೊಂದರಲ್ಲಿ ಕಸ ಹೊಡೆಯುತ್ತಾಳೆ.

“ನೋಡೀದಿ, ಖರೆ,” ಅಂದಳು. “ಇವತ್ತ ಐತವಾರ. ಬಳಗದಾಗ ಬಂದು ಓದು. ಏನ್ ಬರದೀದಿ ನಾವೂ ಕೇಳ್ತೀವಿ.”

*

ಖಣಿ ಓಣಿಯ ಬುದ್ಧವಿಹಾರದ ಕಟ್ಟೆಯ ಮೇಲೆ ಭಾನುವಾರದ ಓದುವ ಬಳಗ ಖಣಿ ನಡೆಯುತ್ತಿದ್ದ ಕಾಲದಿಂದ ಸೇರುತ್ತಿದೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ನಿಯಮ ಒಂದೇ. ತಿಳಿಯದ ಮಾತು ಬಂದ ತಕ್ಷಣ ಯಾರಾದರೂ ಸರಿ, “ಅಂದ್ರ?” ಎನ್ನಬೇಕು. ಓದುವವರು ಅಲ್ಲೇ ನಿಲ್ಲಬೇಕು. ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳುವ ತನಕ ಮುಂದಿನ ಸಾಲಿಗೆ ಹೋಗುವಂತಿಲ್ಲ. ಖಣಿ ಮುಚ್ಚಿದ ವರ್ಷ ಮಾಲೀಕರು ಕಳಿಸಿದ ಎರಡು ಪುಟದ ಪತ್ರವನ್ನು ಈ ಬಳಗ ಮೂರು ಭಾನುವಾರ ಓದಿತ್ತು. ಸಂಘಮಿತ್ರಾ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಈ ‘ಅಂದ್ರ’ದಲ್ಲಿ ಕಲಿತದ್ದು ಹೆಚ್ಚು.

ಅವಳು ಓದಿದಳು. ‘ಕೈ ಎತ್ತಿದ ಯಾವ ಬಾಗಿಲನ್ನೂ ಪಾಳಿಗಾರ ದಾಟಿ ಹೋಗುವುದಿಲ್ಲ.’ ಕೈ ಎತ್ತುವುದೆಂದರೇನು ಎಂದು ಒಬ್ಬರು ಕೇಳಿದರು, ಹೇಳಿದಳು. ‘ಎಲ್ಲ ಬಾಗಿಲೂ ಸಮಾನ.’

“ಅಂದ್ರ?” ಅಂದದ್ದು ಭಾಗಮ್ಮ.

“ಅಂದ್ರ, ಯಾವ ಬಾಗಿಲಿಗೂ ಹೆಚ್ಚಿಲ್ಲ, ಕಡಿಮಿ ಇಲ್ಲ. ಸುತ್ತಿಗಿ ಒಂದೇ ಪಾಳಿ.”

“ಬಾಗಿಲಾ ಅಂದ್ರ?”

“ಒಂದು ತಂತಿ, ಅವ್ವ. ಹದಿನಾರು ಅವ. ಒಂದನೇದು ದವಾಖಾನಿದು. ಎರಡರಿಂದ ಹದಿನೈದರ ತನಕ ಹಸಿರು ಬಡಾವಣಿದು, ಬಂಗ್ಲಾಕ್ಕ ಒಂದೊಂದು. ಹದಿನಾರನೇದು...”



“ಹೇಳು. ನಿಂದರಬ್ಯಾಡ.”

“ಹದಿನಾರನೇದು ಖಣಿ ಓಣಿದು.”

“ಓಣಿದು ಅಂದ್ರ? ಎಷ್ಟ್ ಮನಿದು?”

“ಅರವತ್ತು.”

 

ಸಂಘಮಿತ್ರಾಳಿಗೆ ಓಣಿಯ ನಲ್ಲಿ ನೆನಪಾಯಿತು. ಅಲ್ಲಿ ಕೊಡ ಇಟ್ಟರೆ ಮನುಷ್ಯ ನಿಂತ ಹಾಗೆ. ಬಿಸಿಲಲ್ಲಿ ಕಾಯುವುದು ಬೇಡ. ಕೊಡ ಇಟ್ಟು ನೆರಳಿಗೆ ಹೋಗಬಹುದು. ತುಂಬಿದ ಕೊಡ ಒಯ್ದವರು ಮತ್ತೆ ಬೇಕೆಂದರೆ ಸಾಲಿನ ಕೊನೆಗೆ ಇಡಬೇಕು. ಅವಳಿಗೆ ಒಂಬತ್ತು ವರ್ಷವಿದ್ದಾಗ, ಕಲ್ಲು ಒಡೆಯುವ ಕ್ರಷರಿನ ಮಾಲೀಕರ ಅಡುಗೆಯವನು ಒಂದು ದಿನ ಬಂದು ಸಾಲಿನಲ್ಲಿ ಹನ್ನೊಂದು ಕೊಡ ಇಟ್ಟಿದ್ದ. ಹನ್ನೊಂದು ಪಾಳಿ ನಂದು ಎಂದಿದ್ದ. ಭಾಗಮ್ಮ ಹತ್ತು ಕೊಡ ಎತ್ತಿ ರಸ್ತೆಯ ಆಚೆ ಇಟ್ಟು ಬಂದಿದ್ದಳು. “ಕೊಡಕ್ಕ ನೀರಡಕಿ ಆಗಂಗಿಲ್ಲಪ್ಪ. ನೀರಡಕಿ ಆದಾವ್ರು ಎಷ್ಟ್ ಮಂದಿ ಬಂದೀರಿ, ಅಷ್ಟು ಹೇಳು.”

ಆ ನಿಯಮದ ಅರ್ಧವನ್ನಷ್ಟೇ ಮಗಳು ಚಿಪ್‌ನಲ್ಲಿ ಪರೀಕ್ಷಿಸಿದ್ದಳು. ತುಂಬಿದ ಕೊಡ ಕೊನೆಗೆ ಹೋಗುತ್ತದೋ ಇಲ್ಲವೋ ಎಂಬುದನ್ನು ಹತ್ತು ಕೋಟಿ ಸಲ ನೋಡಿದ್ದಳು. ಕೊಡಗಳನ್ನು ಇಟ್ಟವರು ಯಾರು, ಅವುಗಳ ಹಿಂದೆ ಎಷ್ಟು ಜನ ಎಂಬುದನ್ನು ಒಂದು ಸಲವೂ ನೋಡಿರಲಿಲ್ಲ.

“ನಿನ್ನ ಚಿಪ್ಪು ಕೊಡ ಎಣಸ್ತದ,” ಅಂದಳು ಭಾಗಮ್ಮ. “ತಲಿ ಎಣಸಂಗಿಲ್ಲ.”

“ಕಲ್ಲಿನಾಗ ಕೊರದಂಗ ಕೊರದಾರವ್ವ. ಈಗ ತಿದ್ದಲಾಕ ಬರಂಗಿಲ್ಲ.”

“ಕಲ್ಲಿನ ಮಾತು ನನಗ ಹೇಳ್ತೀದ್ಯಾ?” ಭಾಗಮ್ಮ ತನ್ನ ಎರಡು ಅಂಗೈಯನ್ನೂ ಮಗಳ ಮುಂದೆ ಹಿಡಿದಳು. “ಕಲ್ಲು ಏನ್ ಮಾಡ್ತದ. ಕೊರದಾವ್ರನ್ನ ಕೇಳು ಹೋಗು.”

*

ಸೋಮವಾರ ಬೆಳಿಗ್ಗೆ ಸಂಘಮಿತ್ರಾ ನಿಯಂತ್ರಣ ಕೋಣೆಯಲ್ಲಿ ಸ್ಥಾವರದ ಮುಖ್ಯಸ್ಥ ಮಕರಂದ ದೇಶಮುಖರ ಎದುರು ಕೂತಳು. ಗೋಡೆಯ ತುಂಬ ಹದಿನಾರು ಸಂಖ್ಯೆಗಳ ಫಲಕ. ಒಂದಾದ ಮೇಲೊಂದು ಸಂಖ್ಯೆ ಹಸಿರಾಗುತ್ತಿತ್ತು, ಗಡಿಯಾರದಷ್ಟು ನಿಷ್ಠೆಯಿಂದ. ದೇಶಮುಖರು ಕೆಟ್ಟವರಲ್ಲ. ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಾರೆ. ಇಂಥವರಿಂದಲೇ ಲೋಕದ ಹೆಚ್ಚಿನ ಅನ್ಯಾಯ ಶಿಸ್ತಾಗಿ ನಡೆಯುತ್ತದೆ.

“ಚಿಪ್ ಒಂದು ಬಾಗಿಲು ತಪ್ಪಿಸಿದ ದಾಖಲೆ ತೋರಸ್ರಿ. ಈಗಿಂದೀಗ ಬಂದ್ ಮಾಡ್ತೀನಿ.”

“ಚಿಪ್ ತಪ್ಪಿಸಿಲ್ಲ ಸರ್. ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಒಂದು ಬಾಗಿಲ ಹಿಂದ ಒಂದು ಮನಿ, ಇನ್ನೊಂದರ ಹಿಂದ ಅರವತ್ತು. ಬಾಗಿಲು ಸಮಾನ ಅಂದ್ರ ಮನುಷ್ಯರು ಸಮಾನ ಆಗಂಗಿಲ್ಲ.”

“ಗುಂಪು ವಸತಿಗೆ ಒಂದು ತಂತಿ ಸಾಕು ಅಂತ ಹಂಚಿಕೆ ಸಮಿತಿ ನಿರ್ಣಯ ಅದರೀ. ಅದು ಚಿಪ್ ವಿಷಯ ಅಲ್ಲ, ಸಮಿತಿ ವಿಷಯ.”

“ಸಮಿತಿದಾಗ ನಮ್ಮ ಓಣಿಯವರು ಎಷ್ಟ್ ಮಂದಿ ಇದ್ರು?”

ದೇಶಮುಖರು ಫಲಕದ ಕಡೆ ನೋಡಿದರು. ಏಳು ಹಸಿರಾಯಿತು.

“ಏಳನೇ ಬಾಗಿಲ ಹಿಂದ ಈಗ ಯಾರಿದಾರ ಸರ್?”

“ಬಾಬೂರಾವ್ ಸಾಹುಕಾರ್ರ ಬಂಗ್ಲೆ ಅದು. ಬೇಸಿಗಿಗೆ ಬೆಟ್ಟದ ಊರಿಗೆ ಹೋಗ್ಯಾರ.”

“ನಾಲ್ಕು, ಐದು, ಒಂಬತ್ತು?”

“ಒಟ್ಟು ಒಂಬತ್ತು ಬಂಗ್ಲೆ ಖಾಲಿ ಅವ. ಸಾಗವಾನಿ ಸಾಮಾನು ಇರ್ತಾವಲ್ರೀ. ಈ ಬಿಸಲಿಗೆ ಬಿರುಕು ಬಿಡ್ತಾವ. ಇಪ್ಪತ್ತಾರು ಡಿಗ್ರಿಗೆ ಇಟ್ಟು ಹೋಗ್ಯಾರ.”

ಒಂಬತ್ತು ಬಾಗಿಲ ಹಿಂದೆ ಕಪಾಟುಗಳಿದ್ದವು. ಕಪಾಟುಗಳು ಎರಡು ತಿಂಗಳಿಂದ ಸುತ್ತು ತಪ್ಪದೆ ಕೈ ಎತ್ತುತ್ತಿದ್ದವು, ಅವುಗಳಿಗೆ ಪಾಳಿ ಸಿಗುತ್ತಿತ್ತು.

“ನನ್ನ ತಂಗಿಗೆ ದಿನ ತುಂಬ್ಯಾವ ಸರ್.”

“ವೈಯಕ್ತಿಕ ವಿಷಯ ಇಲ್ಲಿ ತರಬ್ಯಾಡ್ರಿ. ಅರ್ಜಿ ಕೊಡ್ರಿ. ಬೇಸಿಗಿ ಮುಗಿದ ಮ್ಯಾಲ ಸಮಿತಿ ಸೇರ್ತದ.”

ಬಸುರಿ ವೈಯಕ್ತಿಕ. ಕಪಾಟು ಸಾರ್ವಜನಿಕ. ಸಂಘಮಿತ್ರಾ ಎದ್ದು ಗೋಡೆಯ ಮೇಲಿದ್ದ ಪ್ರಮಾಣಪತ್ರದ ಚೌಕಟ್ಟು ಇಳಿಸಿದಳು, ಹಿಂದಿನ ರಟ್ಟು ಬಿಚ್ಚಿ ಹಾಳೆ ತೆಗೆದಳು. ತನ್ನ ರುಜುವಿನ ಕೆಳಗೆ ಒಂದು ಸಾಲು ಬರೆದಳು: ‘ಈ ಚಿಪ್ ಬಾಗಿಲುಗಳಿಗೆ ನ್ಯಾಯವಂತ. ಮನುಷ್ಯರಿಗೆ ಅಲ್ಲ. ಇದನ್ನು ಪರೀಕ್ಷಿಸದೆ ರುಜು ಹಾಕಿದ್ದು ನನ್ನ ತಪ್ಪು.’ ತಾರೀಖು ಹಾಕಿ ಹಾಳೆಯನ್ನು ದೇಶಮುಖರ ಮೇಜಿನ ಮೇಲೆ ಇಟ್ಟಳು.

*

ಆ ಸಂಜೆ ಅವಳ ತಲೆಯಲ್ಲಿ ಒಂದು ಸುಲಭದ ದಾರಿಯಿತ್ತು. ಕೊಳವೆ ಒಡೆದಾಗ ದುರಸ್ತಿಗೆಂದು ಯಾವ ಬಾಗಿಲನ್ನಾದರೂ ಮುಚ್ಚುವ ಒಂದು ಬೀಗ ನಿಯಂತ್ರಣ ಕೋಣೆಯಲ್ಲಿದೆ. 

ಮುಚ್ಚಿದ ಬಾಗಿಲು ಎಷ್ಟು ಕೈ ಎತ್ತಿದರೂ ಚಿಪ್ಪಿಗೆ ಕಾಣುವುದಿಲ್ಲ. ಅದಕ್ಕೆ ಎರಡು ಕೀಲಿಕೈ ಬೇಕು: ಒಂದು ದೇಶಮುಖರದು, ಇನ್ನೊಂದು ಅವಳದು. ದೇಶಮುಖರದು ಯಾವ ಡ್ರಾಯರಿನಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂಬತ್ತು ಖಾಲಿ ಬಂಗಲೆ ಮುಚ್ಚಿದರೆ ಸುತ್ತು ಇಪ್ಪತ್ತೆಂಟು ನಿಮಿಷಕ್ಕೆ ಇಳಿಯುತ್ತದೆ. ಅವ್ವನ ಮನೆಯ ಚಾಪೆಯ ಮೇಲೆ ಕೂತು ದೇಶಮುಖರ ಮಾತನ್ನೂ ಈ ದಾರಿಯನ್ನೂ ಹೇಳಿದಳು.

“ಬ್ಯಾಡ,” ಅಂದಳು ಭಾಗಮ್ಮ. “ಕದ್ದು ತಂದದ್ದು ಪಾಳಿ ಅಲ್ಲ. ನಾಳಿ ಅವರು ಕದ್ದು ತಗೋತಾರ. ಮತ್ತ ಇಪ್ಪತ್ತೆಂಟು ನಿಮಿಷ ಅಂದ್ರೂ ನಮ್ಮನಿಗಿ ಇಪ್ಪತ್ತೆಂಟು ತಾಸಿಗೊಮ್ಮಿ. ಅಷ್ಟೊತ್ತು ರಮಿ ತಡೀತಾಳೇನು?” ಆಮೇಲೆ ಕೇಳಿದಳು. “ಏಳನೇ ಬಾಗಿಲು ಯಾರದಂದಿ?”

“ಬಾಬೂರಾವ್ ಸಾಹುಕಾರ್ರದು.”

ಭಾಗಮ್ಮ ಸೊಂಟದ ಗಂಟು ಬಿಚ್ಚಿದಳು. ಹಿತ್ತಾಳೆಯ ಕೀಲಿಕೈಯೊಂದನ್ನು ಚಾಪೆಯ ಮೇಲೆ ಇಟ್ಟಳು.

“ದಿನಾ ಹೋಗಿ ಅವರ ಕಪಾಟು ಒರಸ್ತೀನಿ. ಒಂದು ತಾಸು ತಣ್ಣಗ ಇರ್ತದ. ಹೊರಗ ಬಂದ್ರ ಬಿಸಲು ಮಾರಿಗಿ ಹೊಡೀತದ. ಇಷ್ಟ್ ದಿನ ಇದ ಅಂಗೈದಾಗ ಇಟಗೊಂಡು ಓಡ್ಯಾಡೀನಿ ನೋಡು, ದೀಪದ ಹಿಂದ.”

ಒಂಬತ್ತು ಬಂಗಲೆಯ ಕಸ ಹೊಡೆಯುವವರೂ ಖಣಿ ಓಣಿಯವರೇ. ಕತ್ತಲಾಗುವ ಮೊದಲೇ ಆ ಚಾಪೆಯ ಮೇಲೆ ಒಂಬತ್ತು ಕೀಲಿಕೈ ಸಾಲಾಗಿ ಕೂತವು, ನಲ್ಲಿಯ ಮುಂದೆ ಕೊಡ ಕೂತ ಹಾಗೆ. ಶಂಕ್ರಪ್ಪ ತಲೆ ಕೆರೆದುಕೊಂಡ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದ. ಯಾರೂ ಇಲ್ಲವೆನ್ನಲಿಲ್ಲ.

“ಅವರು ಏನಂತಾರ? ತಂಪು ಬಾಗಿಲಿಗಿ ಅಂತಾರ, ಹೌದಿಲ್ಲೋ?” ಅಂದಳು ಭಾಗಮ್ಮ. “ಹಂಗಿದ್ರ ಬಾಗಿಲ ಹಿಂದ ನಾವು ಹೋಗಿ ಕುಂದರೋಣು. ಬಾಗಿಲ ಮುರಿಯೋದಿಲ್ಲ, ಚಿಪ್ಪು ಮುಟ್ಟೋದಿಲ್ಲ. ಅವರ ನಿಯಮ ಅವರಿಗೇ ಇರಲಿ. ನಾಳಿ ಹತ್ತು ಗಂಟೆಕ್ಕ, ಎಲ್ಲರೂ ನೋಡೋ ಹೊತ್ತಿನಾಗ.”

“ನಾ ಎಂಟು ಗಂಟೆಕ್ಕೇ ಇಲ್ಲಿಗಿ ಬರ್ತೀನಿ,” ಅಂದಳು ಹುಸೇನಬಿ. “ಈ ಹುಡುಗಿ ಹೊಟ್ಟಿ ಇಳದದ. ಇಕಿ ಕೂಸು ನಿಮ್ಮ ಹತ್ತು ಗಂಟೆ ಕಾಯಂಗಿಲ್ಲ.”

*

ಮಂಗಳವಾರ ಖಣಿ ಓಣಿ ತನ್ನ ಅರವತ್ತೂ ತಾಪಮಾಪಕ ಆರಿಸಿ ಹೊರಟಿತು. ಹಸಿರು ಬಡಾವಣೆಯ ರಸ್ತೆಯಲ್ಲಿ ಮುನ್ನೂರು ಜನ ನಡೆದರು. ತಲೆಯ ಮೇಲೆ ತಮ್ಮದೇ ನೀರಿನ ಕೊಡ, ಬಗಲಲ್ಲಿ ತಮ್ಮದೇ ಚಾಪೆ, ಗಂಟಿನಲ್ಲಿ ತಮ್ಮದೇ ರೊಟ್ಟಿ. ಘೋಷಣೆ ಇರಲಿಲ್ಲ. ಒಂಬತ್ತು ಬೀಗಗಳು ದಿನವೂ ತೆರೆಯುವ ಕೈಗಳಿಂದಲೇ ತೆರೆದವು.

ಕೊಡಗಳನ್ನು ಒಂದೊಂದು ಬಂಗಲೆಯ ಗೇಟಿನಿಂದ ಒಳಬಾಗಿಲ ತನಕ ಸಾಲಾಗಿ ಇಟ್ಟರು. ಕೊಳವೆಯ ಹತ್ತಿರದ ಕೋಣೆಗೆ ಒಂದೊಂದು ಪಾಳಿಗೂ ಬೇರೆಯವರು. ಬಸುರಿಯರು, ಕೂಸಿನವರು, ಕಲ್ಲಿನ ಧೂಳು ಕುಡಿದು ಎದೆ ಕಟ್ಟಿದವರು ಮೊದಲು. ತಲೆ ಎಣಿಸುವ ಕೆಲಸ ಭಾಗಮ್ಮನದು. ಅದಕ್ಕೆ ಯಾವ ಚಿಪ್ಪೂ ಬೇಕಾಗಲಿಲ್ಲ. ಬಾಬೂರಾವ್ ಸಾಹುಕಾರ್ರ ಸಾಗವಾನಿ ಕಪಾಟನ್ನು ಯಾರೂ ಮುಟ್ಟಲಿಲ್ಲ. ಅದರ ಪಕ್ಕದಲ್ಲಿ, ಎರಡಡಿ ದಪ್ಪದ ಗೋಡೆಗಳ ನಡುವೆ ರಮಾಬಾಯಿಗೆ ಚಾಪೆ ಹಾಸಿದರು. ಅವಳು ಅಡ್ಡಾಗಿ ಕಣ್ಣು ಮುಚ್ಚಿ, ಒಂದು ವಾರದಲ್ಲಿ ಮೊದಲ ಸಲ, ಬಾಯಿ ಮುಚ್ಚಿಕೊಂಡು ಉಸಿರಾಡಿದಳು. ನಸುಕಿನಿಂದ ಬಿಟ್ಟುಬಿಟ್ಟು ಬರುತ್ತಿದ್ದ ನೋವು ಹನ್ನೊಂದಕ್ಕೆ ಜೋರಾಯಿತು.

ನಿಯಂತ್ರಣ ಕೋಣೆಯ ಫಲಕದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಹದಿನಾರನೆಯ ಬಾಗಿಲು ಕೈ ಇಳಿಸಿತ್ತು. ಚಿಪ್ ಅದನ್ನು ದಾಟಿ ನೇರ ಒಂದನೆಯದಕ್ಕೆ, ದವಾಖಾನೆಗೆ, ನಾಲ್ಕು ನಿಮಿಷ ಮೊದಲೇ ಹೋಗುತ್ತಿತ್ತು. ಏಳನೆಯ ಬಾಗಿಲು ಎಂದಿನಂತೆ ಕೈ ಎತ್ತಿತು. ಎತ್ತಿದ್ದು ಕಪಾಟೋ ಬಸುರಿಯೋ, ಚಿಪ್ಪಿಗೆ ತಿಳಿಯದು. ಕಂಪನಿ ಹೆಮ್ಮೆಯಿಂದ ಹೇಳುತ್ತಿದ್ದದ್ದೂ ಅದನ್ನೇ.

ಆದರೆ ದೇಶಮುಖರ ಫೋನು ಹತ್ತೂವರೆಯಿಂದ ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಹನ್ನೆರಡಕ್ಕೆ ಅವರು ತಮ್ಮ ಕೀಲಿಕೈಯನ್ನು ಬೀಗದ ಒಂದು ತೂತಿಗೆ ಹಾಕಿದರು.

“ಒಂಬತ್ತೂ ಬಾಗಿಲು ಮುಚ್ಚೋಣ. ನಿಮ್ಮ ಕೀಲಿಕೈ ಹಾಕ್ರಿ.”

ಸಂಘಮಿತ್ರಾ ಕೀಲಿಕೈಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಏಳನೆಯ ಬಾಗಿಲಿಗೆ ಪಾಳಿ ಬರಲು ಇನ್ನು ಎಂಟು ನಿಮಿಷ.

“ಮುಚ್ಚಬೇಕಂದ್ರ ಕಾರಣ ಬರೀಬೇಕು ಸರ್. ದಾಖಲೆ ಪುಸ್ತಕ ನಿಮ್ಮ ಮುಂದ ಅದ. ಕೊಳವಿ ಒಡದದ ಅಂತ ಬರೀತೀರೋ, ಬಾಗಿಲ ಹಿಂದ ಮನುಷ್ಯರು ಬಂದಾರ ಅಂತ ಬರೀತೀರೋ?”

“ಅವರು ಅಕ್ರಮವಾಗಿ ಕೂತಾರ.”

“ಅದನ್ನ ಪೊಲೀಸರಿಗೆ ಹೇಳ್ರಿ. ಚಿಪ್ಪಿಗೆ ಯಾಕ ಹೇಳ್ತೀರಿ? ಚಿಪ್ಪಿಗೆ ಯಾರು ಯಾರಂತ ಗೊತ್ತಿಲ್ಲ ಅಂತ ಊರಿಗೆಲ್ಲ ನೀವೇ ಸಾರೀರಿ. ಕೈ ಎತ್ತಿದ ಯಾವ ಬಾಗಿಲನ್ನೂ ದಾಟಂಗಿಲ್ಲ ಅಂತ ಬಸ್ ಸ್ಟ್ಯಾಂಡಿನ ಮುಂದ ಬೋರ್ಡು ನಿಂತದ. ಇವತ್ತ ದಾಟಿದ್ರ ಆ ಬೋರ್ಡು ಇಳಿಸಬೇಕಾಗ್ತದ.”

“ಸಂಘಮಿತ್ರಾ, ನಿಮ್ಮ ನೌಕರಿ ಹೋಗ್ತದ.”

“ಹೋಗ್ಲಿ ಸರ್.”

“ಇಪ್ಪತ್ತು ವರ್ಷದ ಓದು, ಕೆಲಸ. ಒಂದು ಮಧ್ಯಾಹ್ನಕ್ಕ ಕಳಕೋತೀರಿ?”

“ಆ ಓದಿಗೆ ನಾನು ಒಂದೇ ಒಂದು ‘ಅಂದ್ರ’ ಕೇಳಲಿಲ್ಲ. ಇವತ್ತ ಕೇಳ್ಲಿಕತ್ತೀನಿ.”

ದೇಶಮುಖರಿಗೆ ಆ ಮಾತು ಅರ್ಥವಾಗಲಿಲ್ಲ. ಅವರು ಕೈ ಚಾಚಿದರು. ಅವಳು ಮುಷ್ಟಿ ಬಿಗಿ ಹಿಡಿದಳು. ಅಂಗೈಗೆ ಕೀಲಿಕೈಯ ಹಲ್ಲು ಒತ್ತಿ ನೋಯುತ್ತಿತ್ತು. ಇಬ್ಬರೂ ಫಲಕ ನೋಡುತ್ತ ಕೂತರು. ಐದು ಹಸಿರಾಯಿತು. ನಾಲ್ಕು ನಿಮಿಷ. ಆರು ಹಸಿರಾಯಿತು. ಮತ್ತೆ ನಾಲ್ಕು ನಿಮಿಷ. ಒಂದು ಕೀಲಿಕೈ ತೂತಿನಲ್ಲಿ ತಿರುಗದೆ ನಿಂತಿತ್ತು.

ಏಳು ಹಸಿರಾಯಿತು.

ಒಂದೂ ಕಾಲಿಗೆ ಅವಳ ಫೋನಿನಲ್ಲಿ ಹುಸೇನಬಿಯ ದನಿ. “ಹೆಣ್ಣು. ಅಳಲಾಕತ್ತದ, ಕೇಳು. ನಿಮ್ಮವ್ವನಂಗೇ ಬಾಯಿ ಜೋರದ.”

*

ಪೊಲೀಸರು ಬಂದರು. ಬೀಗ ಒಡೆದಿರಲಿಲ್ಲ, ಒಂದು ಲೋಟವೂ ಜರುಗಿರಲಿಲ್ಲ. ಮಾಲೀಕರು ಬಂದು ದೂರು ಕೊಡಲಿ ಎಂದು ಇನ್ಸ್‌ಪೆಕ್ಟರು ಪಡಸಾಲೆಯ ತಣ್ಣಗಿನ ನೆಲದ ಮೇಲೆ ಬೂಟು ಬಿಚ್ಚಿ ಕೂತರು. ಬಾಗಿಲು ಮುಚ್ಚಲು ದಾಖಲೆ ಪುಸ್ತಕದಲ್ಲಿ ಯಾವ ಕಾರಣ ಬರೆಯಬೇಕೆಂದು ಕಂಪನಿಗೆ ಇನ್ನೂ ಹೊಳೆದಿರಲಿಲ್ಲ. ಸಂಘಮಿತ್ರಾಳನ್ನು ಕೆಲಸದಿಂದ ತೆಗೆದ ಪತ್ರ ಮಾತ್ರ ಬುಧವಾರ ಬಂತು. ಅದರ ಹಿಂಬದಿಯಲ್ಲಿ ಅವಳು ಹೊಸದೊಂದು ಚಿಪ್ಪಿನ ನಕ್ಷೆ ಎಳೆಯತೊಡಗಿದಳು. ಅದರಲ್ಲಿ ಪ್ರತಿ ಬಾಗಿಲ ಪಕ್ಕ ಒಂದು ಅಂಕಿ, ಹಿಂದೆ ಎಷ್ಟು ಜನ ಎಂದು. ಓಣಿಯವರು ಅದನ್ನು ಪಡಸಾಲೆಯಲ್ಲೇ ಓದಲು ಕೂತರು. ಮೊದಲ ಗೆರೆಗೇ ನಾಲ್ಕು ‘ಅಂದ್ರ’ ಬಂದವು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬೆಟ್ಟದ ಊರಿನಿಂದ ಬಾಬೂರಾವ್ ಸಾಹುಕಾರ್ರ ಕಾರು ಬಂತು. ಗೇಟಿನ ಹೊರಗೇ ನಿಂತಿತು, ಯಾಕೆಂದರೆ ಗೇಟಿನ ತುಂಬ ಕೊಡಗಳಿದ್ದವು. ಸಾಹುಕಾರ್ರು ಇಳಿದರು. ಬಿಸಿಲು ಅವರ ತಲೆಯ ಮೇಲೂ ಅಷ್ಟೇ ಇತ್ತು. ಎರಡು ಹೆಜ್ಜೆಗೆ ಅವರ ಅಂಗಿ ಒದ್ದೆಯಾಯಿತು.

“ಏ ಭಾಗಮ್ಮ, ಏನಿದು?”

ಭಾಗಮ್ಮ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದೇಳಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಎದ್ದೇಳದಿದ್ದದ್ದು ಇದೇ ಮೊದಲು.

“ಪಾಳಿ ನಡದದ ಸಾಹುಕಾರ್ರ. ನಿಮ್ಮದೂ ಒಂದು ಕೊಡ ತರ್ರಿ, ಕಡೀಗಿ ಇಡ್ರಿ. ನಿಮ್ಮದೂ ಒಂದು ತಲಿ ಅಂತ ಎಣಸ್ತೀವಿ. ಬಿಡಂಗಿಲ್ಲ.”

“ತಲಿ ಕೆಟ್ಟದೇನ್ ನಿನಗ? ಇದು ನನ್ನ ಬಾಗಿಲು.”

ಪಡಸಾಲೆಯಲ್ಲಿ ಓದುತ್ತಿದ್ದವರು ನಿಲ್ಲಿಸಿದರು. ಒಳಗಿನ ಕೋಣೆಯಿಂದ ರಮಾಬಾಯಿ ತಲೆ ಎತ್ತಿ ನೋಡಿದಳು. ಅವಳ ತಲೆಯ ಮೇಲೆ, ಕೊಳವೆಯ ಪಕ್ಕ, ಹಸಿರು ದೀಪ ಹತ್ತಿತು.

“ಅಂದ್ರ?” ಅಂದಳು ಭಾಗಮ್ಮ.

ಸಾಹುಕಾರ್ರು ಬಾಯಿ ತೆರೆದರು. ಬಳಗದ ನಿಯಮ ಅವರಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳುವ ತನಕ ಅವರು ಅಲ್ಲೇ ನಿಲ್ಲಬೇಕಿತ್ತು. ಕೊಡಗಳ ಸಾಲಿನ ಎರಡೂ ಬದಿಗೆ ಜನ ಕಾಲು ಮಡಿಚಿ ಕೂತರು, ಕೇಳಲು.